ಮಾರ್ಗೇಟಿನ ಪೇಟೆಬೀದಿ

ಸಮುದ್ರತೀರದ ಊರೆಂದರೆ ನಮ್ಮ ಮನಸ್ಸಿಗೆ ಬರುವುದು ಬಂದರು, ಬೆಸ್ತರ ಕೇರಿ, ಹಂಚಿನ ಮಾಡು, ತೆಂಗಿನ ಸಾಲು. ಇಂಗ್ಲೆಂಡಿನವರು ಇದೇ ಮಾತನ್ನಾಡಿದಾಗ ಅವರ ಮನಸ್ಸಿನಲ್ಲಿರುವುದು ಬೇರೊಂದು ಬಗೆಯ ಊರು. ಅದು ಮೀನಿಗಾಗಿಯೋ ಹಡಗಿಗಾಗಿಯೋ ಬೆಳೆದುದಲ್ಲ. ಹೊರಗಿನಿಂದ ಬರುವವರ ವಿರಾಮಕ್ಕಾಗಿ ಬೆಳೆದುದು. ಹೋಲಿಕೆ ಬೇಕಾದರೆ ನಾವು ಮಂಗಳೂರನ್ನಲ್ಲ, ಊಟಿಯನ್ನು ನೆನೆಯಬೇಕು. ಜನ ಬರುತ್ತಿರುವವರೆಗೆ ಅಂಥ ಊರಿಗೆ ಕಳೆಯುಂಟು. ಬರುವುದು ನಿಂತರೆ, ಊರು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವೇ ಇಲ್ಲವಾಗುತ್ತದೆ. ಮನೆಗಳೂ ಬೀದಿಗಳೂ ಮಾತ್ರ ಉಳಿದಿರುತ್ತವೆ. ಹಾಗೆ ಉಳಿದ ಒಂದು ಊರು ತನ್ನ ಪೇಟೆಯ ಬಾಗಿಲನ್ನು ಮತ್ತೆ ತೆರೆಯಲು ಪಟ್ಟ ಪಾಡನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಊರಿನ ಹೆಸರು ಮಾರ್ಗೇಟ್. ಲಂಡನ್ನಿನ ಪೂರ್ವಕ್ಕೆ, ಕೆಂಟ್ ಪ್ರಾಂತದ ತುತ್ತತುದಿಯಲ್ಲಿ, ಥ್ಯಾನೆಟ್ ಎಂಬ ಭೂಭಾಗದಲ್ಲಿ ಅದು ಇದೆ. ಹದಿನೆಂಟನೆಯ ಶತಮಾನದಲ್ಲಿ ವೈದ್ಯರು ಸಮುದ್ರಸ್ನಾನವನ್ನೂ, ನಂಬುವುದು ಕಷ್ಟವಾದರೂ ಸಮುದ್ರಜಲದ ಪಾನವನ್ನೂ ಔಷಧವೆಂದು ವಿಧಿಸತೊಡಗಿದರು. ಗೌರವಸ್ಥರು ಪರರ ಕಣ್ಣಿಗೆ ಬೀಳದೆ ನೀರಿಗಿಳಿಯುವಂತೆ ಬೆಂಜಮಿನ್ ಬೀಲ್ ಎಂಬಾತನು ಮುಸುಕುಳ್ಳ ಸ್ನಾನದ ಬಂಡಿಯನ್ನು ರೂಪಿಸಿದುದು ಈ ಊರಿನಲ್ಲಿಯೇ. ೧೭೯೧ರಲ್ಲಿ ಬಡ ರೋಗಿಗಳಿಗಾಗಿ ಸಮುದ್ರಸ್ನಾನದ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ಆಮೇಲೆ ಹೊಗೆಹಡಗು ಬಂದಿತು. ೧೮೪೬ರಲ್ಲಿ ರೈಲು ಬಂದಿತು. ರೈಲಿನೊಡನೆ ಲಂಡನ್ನಿನ ಕೂಲಿಕಾರರೂ ಗುಮಾಸ್ತೆಗಳೂ ಮಕ್ಕಳುಮರಿಗಳೊಡನೆ ಬಂದಿಳಿದರು. ಚಿತ್ರಕಾರ ಟರ್ನರನು ಬಾಲ್ಯದಲ್ಲಿ ಕೆಲಕಾಲ ಇಲ್ಲಿನ ಶಾಲೆಯಲ್ಲಿ ಓದಿದನು. ಮುಪ್ಪಿನಲ್ಲಿ ಬಂದರಿನ ಬಳಿಯ ಒಂದು ವಸತಿಗೃಹಕ್ಕೆ ಮತ್ತೆ ಮತ್ತೆ ಬರುತ್ತಿದ್ದನು. ೧೯೨೧ರ ಶರತ್ಕಾಲದಲ್ಲಿ ಟಿ. ಎಸ್. ಎಲಿಯಟ್ ಕವಿಯು ದಣಿದ ನರಗಳಿಗೆ ವಿಶ್ರಾಂತಿ ಬಯಸಿ ಇಲ್ಲಿ ತಂಗಿದ್ದು, ತನ್ನ ‘ಪಾಳುನೆಲ’ದ ಕೆಲವು ಭಾಗವನ್ನು ಬರೆದನು. ಇಂಗ್ಲಿಷ್ ಪಾಠ ಹೇಳುವ ನಮ್ಮಂಥವರಿಗೆ ಊರಿನ ಹೆಸರು ಪರಿಚಿತವಾಗಿರುವುದು ಈ ಕಾರಣದಿಂದ. ಆದರೆ ಎಲಿಯಟ್ ಬರುವುದಕ್ಕೆ ಒಂದು ವರ್ಷ ಮುಂಚೆ, ೧೯೨೦ರಲ್ಲಿ, ಅಲ್ಲಿ ‘ಡ್ರೀಮ್‌ಲ್ಯಾಂಡ್’ ಎಂಬ ವಿನೋದವನ ತೆರೆದಿತ್ತು. ಅದರ ಮರದ ಉಬ್ಬುತಗ್ಗಿನ ರೈಲನ್ನು ಹತ್ತಿ ಕಿರಿಚಿದವರ ಸಂಖ್ಯೆ ಆ ಕಾವ್ಯವನ್ನು ಓದಿದವರ ಸಂಖ್ಯೆಗಿಂತ ಬಹಳ ಹೆಚ್ಚೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಎರಡನೆಯ ಮಹಾಯುದ್ಧದ ತರುವಾಯವೂ ಕೆಲವು ವರ್ಷ ಊರು ತುಂಬಿಯೇ ಇದ್ದಿತು. ಅನಂತರ ಅಗ್ಗದ ವಿಮಾನಗಳು ಬಂದವು. ಮೋಡವೂ ತುಂತುರೂ ಇರುವ ಮಾರ್ಗೇಟಿನ ಬದಲು ಬಿಸಿಲು ತಪ್ಪದ ಸ್ಪೇನಿಗೆ ಹೋಗಬಹುದೆಂದು ಜನಕ್ಕೆ ತಿಳಿದ ಮೇಲೆ ಅವರನ್ನು ತಡೆಯುವವರು ಯಾರು? ೧೯೭೮ರ ಜನವರಿಯ ಬಿರುಗಾಳಿ ಹಳೆಯ ಕಬ್ಬಿಣದ ಕಟ್ಟೆಯನ್ನು ಮುರಿದು ಹಾಕಿತು. ದೊಡ್ಡ ದೊಡ್ಡ ಹೋಟೆಲುಗಳು ಕ್ಲಿಫ್ಟನ್‌ವಿಲ್ ಎಂಬ ಬಡಾವಣೆಯಲ್ಲಿದ್ದವು. ಅತಿಥಿಗಳಿಲ್ಲದ ಅವುಗಳನ್ನು ಒಡೆಯರು ಒಂದೊಂದೇ ಕೋಣೆಯಾಗಿ ವಿಭಾಗಿಸಿ ಬಾಡಿಗೆಗೆ ಕೊಟ್ಟರು. ಬೇರೆಡೆಗಳಲ್ಲಿ ಮನೆ ಸಿಕ್ಕದ ಬಡವರು, ಕೆಲಸವಿಲ್ಲದವರು, ಪರದೇಶದಿಂದ ಆಶ್ರಯಕ್ಕಾಗಿ ಬಂದವರು ಆ ಕೋಣೆಗಳಲ್ಲಿ ಸೇರಿದರು. ಈ ಜನರನ್ನು ಕೇಳುವವರು ನೆನಪಿನಲ್ಲಿಟ್ಟಿರಬೇಕು. ಕಥೆಯ ಕೊನೆಯಲ್ಲಿ ಅವರ ಮಾತು ಮತ್ತೆ ಬರುವುದು.

ಇನ್ನು ಪೇಟೆಬೀದಿ. ಇಂಗ್ಲೆಂಡಿನ ಪ್ರತಿ ಪಟ್ಟಣದಲ್ಲಿಯೂ ‘ಹೈ ಸ್ಟ್ರೀಟ್’ ಎಂಬುದೊಂದು ಉಂಟು. ಕಟುಕನ ಅಂಗಡಿ, ರೊಟ್ಟಿಯ ಅಂಗಡಿ, ಔಷಧದ ಅಂಗಡಿ, ಬ್ಯಾಂಕು, ಅಂಚೆಕಚೇರಿ ಎಲ್ಲವೂ ಅಲ್ಲಿ ಒತ್ತಾಗಿರುವವು. ನಮ್ಮಲ್ಲಿ ಸಂತೆಗೂ ದೇವಸ್ಥಾನದ ಬೀದಿಗೂ ಇರುವ ಬಳಕೆ ಅಲ್ಲಿ ಈ ಒಂದು ಬೀದಿಗೇ ಇತ್ತು. ಕೊಳ್ಳುವುದಕ್ಕೆ ಹೋದವರು ನಾಲ್ಕು ಜನರ ಮುಖ ನೋಡಿ ಬರುತ್ತಿದ್ದರು. ಮಾರ್ಗೇಟಿನ ಪೇಟೆಬೀದಿ ಕಡಲ ದಂಡೆಯಿಂದ ಹೊರಟು ಒಳನಾಡಿನ ಕಡೆಗೆ ಏರುತ್ತದೆ. ೨೦೦೫ರಲ್ಲಿ ಊರ ಹೊರಗೆ, ಮಾರ್ಗೇಟ್, ರಾಮ್ಸ್‌ಗೇಟ್, ಬ್ರಾಡ್‌ಸ್ಟೇರ್ಸ್ ಎಂಬ ಮೂರು ಪಟ್ಟಣಗಳ ನಡುವಣ ಬಯಲಿನಲ್ಲಿ, ‘ವೆಸ್ಟ್‌ವುಡ್ ಕ್ರಾಸ್’ ಎಂಬ ಭಾರಿಯಾದ ವ್ಯಾಪಾರಕೇಂದ್ರ ತೆರೆಯಿತು. ಮೋಟಾರು ನಿಲ್ಲಿಸಲು ಅಲ್ಲಿ ಬೇಕಾದಷ್ಟು ಜಾಗ. ಹೆಸರಾಂತ ಮಳಿಗೆಗಳು ಅತ್ತ ನಡೆದವು. ೨೦೦೮ರಲ್ಲಿ ಹಣಕಾಸಿನ ಮುಗ್ಗಟ್ಟು ಬಂದಿತು. ದೇಶದಲ್ಲೆಲ್ಲ ಹರಡಿದ್ದ ‘ವುಲ್‌ವರ್ತ್ಸ್’ ಮಳಿಗೆಗಳು ೨೦೦೯ರ ಜನವರಿಯ ಮೊದಲ ವಾರದೊಳಗಾಗಿ ಮುಚ್ಚಿಹೋದವು. ೨೦೧೧ರ ವೇಳೆಗೆ ಮಾರ್ಗೇಟಿನ ಪೇಟೆಯಲ್ಲಿ ಮೂರಕ್ಕೆ ಒಂದಕ್ಕಿಂತ ಹೆಚ್ಚು ಅಂಗಡಿಗಳಿಗೆ ಬೀಗ ಬಿದ್ದಿತ್ತು.

ಬೀಗ ಬಿದ್ದ ಅಂಗಡಿಯ ಬಾಡಿಗೆ ಇಳಿಯಬೇಕು, ಇಳಿದರೆ ಯಾರಾದರೊಬ್ಬ ಬಡ ವ್ಯಾಪಾರಿ ಬಂದು ತೆರೆಯಬೇಕು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇರುವುದು ಹೀಗೆ. ಬೀದಿಯಲ್ಲಿ ನಡೆಯುವುದು ಹೀಗಲ್ಲ. ಅಂಗಡಿಯ ಒಡೆಯನು ಹೆಚ್ಚಾಗಿ ಆ ಊರಿನವನಲ್ಲ. ಎಷ್ಟೋ ವೇಳೆ ಅವನು ಮನುಷ್ಯನೇ ಅಲ್ಲ, ದೂರದ ಒಂದು ಕಂಪೆನಿ. ಕಟ್ಟಡದ ಬೆಲೆಯನ್ನು ಎಣಿಸುವುದು ಅದರಿಂದ ಬರತಕ್ಕ ಬಾಡಿಗೆಯ ಆಧಾರದಿಂದ. ಸಾಲ ತಂದಿರುವುದು ಆ ಬೆಲೆಯ ಆಧಾರದಿಂದ. ಬಾಡಿಗೆಯನ್ನು ಅರ್ಧಕ್ಕೆ ಇಳಿಸಿದರೆ ಕಾಗದದ ಮೇಲೆ ಆಸ್ತಿಯೂ ಅರ್ಧವಾಗುತ್ತದೆ, ಸಾಲ ಕೊಟ್ಟವರು ಹುಬ್ಬುಗಂಟಿಕ್ಕುವರು. ಆದುದರಿಂದ ಇಳಿಸಿ ಕೊಡುವುದಕ್ಕಿಂತ ಖಾಲಿ ಇಟ್ಟುಕೊಳ್ಳುವುದೇ ಕೆಲವರಿಗೆ ಲೇಸಾಗಿ ತೋರುವುದು. ಖಾಲಿ ಅಂಗಡಿಗೂ ಮೂರು ತಿಂಗಳ ಮೇಲೆ ತೆರಿಗೆ ಕೊಡಬೇಕೆಂದು ೨೦೦೮ರಲ್ಲಿ ನಿಯಮವನ್ನು ಬಿಗಿಮಾಡಿದರು. ಬೀಗಗಳು ಅದರಿಂದಲೂ ಬಿಚ್ಚಲಿಲ್ಲ. ಇತ್ತ ತೆರೆದ ಅಂಗಡಿಯ ಪಾಡೂ ಸುಖವಲ್ಲ. ವ್ಯಾಪಾರಸ್ಥಳದ ತೆರಿಗೆಯನ್ನು ಕೊಡಬೇಕಾದವನು ಒಳಗೆ ಕುಳಿತ ಬಾಡಿಗೆಗಾರ. ಅದನ್ನು ಕಟ್ಟುವುದು ಸ್ಥಳದ ಅಂದಾಜು ಬಾಡಿಗೆಯ ಮೇಲೆಯೇ ಹೊರತು ಅವನ ಲಾಭದ ಮೇಲಲ್ಲ. ಪಕ್ಕದ ಎರಡು ಅಂಗಡಿ ಮುಚ್ಚಿ ಬೀದಿಗೆ ಜನ ಬಾರದಂತಾದರೂ ತೆರಿಗೆಯ ಚೀಟಿ ಮಾತ್ರ ತಪ್ಪದೆ ಬರುವುದು.

ಇಂಥ ಬೀದಿಗೆ ಜೀವ ತುಂಬಬೇಕಾದರೆ ಏನು ಮಾಡಬೇಕೆಂದು ಯಾರನ್ನು ಕೇಳಬೇಕು? ಮೊದಲು ಕೇಳಿದುದು ಶಿಲ್ಪಿಗಳನ್ನು. ಟರ್ನರನ ಹೆಸರಿನಲ್ಲಿ ಒಂದು ಚಿತ್ರಶಾಲೆಯನ್ನು ಕಟ್ಟಿದರೆ ಜನ ಬರುವರೆಂದು ಆಲೋಚಿಸಿ, ೨೦೦೧ರಲ್ಲಿ ಸ್ಪರ್ಧೆ ನಡೆಸಿ, ಬಂದರಿನ ಕಟ್ಟೆಯ ಹೊರಗೆ ಸಮುದ್ರದಲ್ಲಿಯೇ ನಿಲ್ಲುವ ಒಂದು ಅದ್ಭುತವಾದ ಕಟ್ಟಡದ ನಕ್ಷೆಯನ್ನು ಆರಿಸಿದರು. ನಕ್ಷೆ ಬಹಳ ಚೆಲುವಾಗಿದ್ದಿತು. ಅಲೆಗಳ ಹೊಡೆತವನ್ನು ತಾಳಬೇಕಾದ ಗೋಡೆಯ ಖರ್ಚು ವರ್ಷವರ್ಷಕ್ಕೂ ಏರಿತು. ೨೦೦೬ರಲ್ಲಿ, ಒಂದು ಕಲ್ಲನ್ನೂ ಇಡದೆ, ಅದನ್ನು ಕೈಬಿಟ್ಟರು. ಬಳಿಕ ಡೇವಿಡ್ ಚಿಪ್ಪರ್‌ಫೀಲ್ಡರ ಯೋಜನೆಯಂತೆ ನೆಲದ ಮೇಲೆ, ಟರ್ನರನು ತಂಗುತ್ತಿದ್ದ ವಸತಿಗೃಹವಿದ್ದ ಜಾಗದಲ್ಲಿ, ಸುಮಾರು ೧ ಕೋಟಿ ೭೫ ಲಕ್ಷ ಪೌಂಡುಗಳ ವೆಚ್ಚದಲ್ಲಿ ‘ಟರ್ನರ್ ಕಂಟೆಂಪೊರರಿ’ ಎದ್ದಿತು. ೨೦೧೧ರ ಏಪ್ರಿಲ್ ೧೬ರಂದು ಬಾಗಿಲು ತೆರೆಯಿತು. ಪ್ರವೇಶಕ್ಕೆ ಹಣವಿಲ್ಲ. ೨೦೦೯ರ ಕೊನೆಯಲ್ಲಿಯೇ ಲಂಡನ್ನಿನಿಂದ ವೇಗದ ರೈಲು ಬಂದಿದ್ದಿತು. ಜನರೂ ಬಂದರು. ಆದರೆ ಬಂದವರು ನಿಲ್ದಾಣದಿಂದಿಳಿದು ಮರಳಿನ ಪಕ್ಕದ ಹಾದಿಯಲ್ಲಿ ಚಿತ್ರಶಾಲೆಗೆ ನಡೆದು, ಅದರ ಹಿಂದಿನ ಹಳೆಯೂರಿನ ಸಂದಿಗಳಲ್ಲಿ ಕಾಫಿ ಕುಡಿದು, ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದರು. ಹಳೆಯೂರಿನ ಅಂಗಡಿಗಳು ತೆರೆದವು. ಏರುಬೀದಿಯನ್ನು ಹತ್ತುವ ಕಾರಣ ಅವರಿಗೆ ಇರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಮೇರಿ ಪೋರ್ಟಾಸ್ ಎಂಬ ವ್ಯಾಪಾರತಜ್ಞೆ ದೇಶದ ಪೇಟೆಬೀದಿಗಳ ವಿಚಾರವಾಗಿ ಸರ್ಕಾರಕ್ಕೆ ಒಂದು ವರದಿ ಒಪ್ಪಿಸಿದಳು. ಅದರಲ್ಲಿ ೨೮ ಸಲಹೆಗಳು. ಮೊದಲನೆಯದೇ ಮುಖ್ಯವಾದುದು: ಪ್ರತಿ ಊರಿನಲ್ಲಿಯೂ ವ್ಯಾಪಾರಿಗಳು, ಕಟ್ಟಡಗಳ ಒಡೆಯರು, ನಿವಾಸಿಗಳು, ಪೌರಸಭೆ ಎಲ್ಲರೂ ಕೂಡಿದ ಒಂದು ‘ಊರ ತಂಡ’ವಿರಲಿ, ಬೀದಿಯ ವಿಚಾರವನ್ನು ಆ ತಂಡ ನೋಡಿಕೊಳ್ಳಲಿ. ಇದನ್ನು ಪರೀಕ್ಷಿಸಿ ನೋಡಲು ಸರ್ಕಾರ ಊರುಗಳಿಂದ ಅರ್ಜಿ ಕರೆಯಿತು. ೩೭೧ ಊರುಗಳು ಬೇಡಿದವು; ೨೦೧೨ರ ಮೇ ತಿಂಗಳಲ್ಲಿ ೧೨ ಊರುಗಳಿಗೆ ದೊರೆಯಿತು, ಸುಮಾರು ಒಂದೊಂದು ಲಕ್ಷ ಪೌಂಡು. ಮಾರ್ಗೇಟ್ ಅವುಗಳಲ್ಲಿ ಒಂದು.

ಅಲ್ಲಿಂದ ಮುಂದೆ ನಡೆದುದು ಊರಿಗೆ ಬಹಳ ಹಿತವಾದುದೇನಲ್ಲ. ಆದರೂ ನಮಗೆ ಅತ್ಯಂತ ಬೋಧಪ್ರದವಾದುದು ಇದೇ ಎಂದು ತೋರುತ್ತದೆ. ಪೋರ್ಟಾಸ್ ದೂರದರ್ಶನದಲ್ಲಿ ಹೆಸರು ಮಾಡಿದ್ದವಳು. ಈ ಪ್ರಯೋಗವೂ ಕಾರ್ಯಕ್ರಮವಾಗಿ ಚಿತ್ರಿತವಾಗಬೇಕೆಂದಾಯಿತು. ಕ್ಯಾಮೆರಾದ ಮುಂದೆ ತಮ್ಮ ಊರಿನ ಹರಕು ಬಯಲಾಗುವುದು ಕೆಲವರಿಗೆ ಒಪ್ಪಿಗೆಯಾಗಲಿಲ್ಲ. ಬಂದ ಪ್ರಸಿದ್ಧಿಯನ್ನು ಕಳೆದುಕೊಳ್ಳಬಾರದೆಂದು ಮತ್ತೆ ಕೆಲವರು ಹಟ ಹಿಡಿದರು. ತಂಡ ಒಡೆಯಿತು, ಸಭೆಗಳಲ್ಲಿ ಕೂಗಾಟವಾಯಿತು. ಪತ್ರಿಕೆಗಳು ಇದನ್ನು ಸಣ್ಣ ಊರಿನ ಜಗಳವೆಂದು ನಕ್ಕವು. ನಮಗೆ ನಗು ಬರುವುದಿಲ್ಲ. ಜಗಳದ ತಿರುಳು ಕ್ಯಾಮೆರಾ ಅಲ್ಲ, ‘ಊರು’ ಎಂದರೆ ಯಾರು ಎಂಬ ಪ್ರಶ್ನೆ. ಮೂವತ್ತು ವರ್ಷದಿಂದ ಬೀದಿಯಲ್ಲಿ ಕುಳಿತ ವ್ಯಾಪಾರಿಯೂ ಊರೇ; ಚಿತ್ರಶಾಲೆಯ ಬೆನ್ನಿಗೆ ಲಂಡನ್ನಿನಿಂದ ಬಂದ ಕಲಾವಿದನೂ ಊರೇ; ಕ್ಲಿಫ್ಟನ್‌ವಿಲ್ಲಿನ ಒಂಟಿ ಕೋಣೆಯ ತಾಯಿಯೂ ಊರೇ. ಇಂಥ ಸಭೆಗಳು ಎಲ್ಲ ಊರುಗಳಲ್ಲಿಯೂ ಮೊದಲನೆಯವನಿಗೆ ಅಂಗಡಿ ಮುಚ್ಚಿದ ಮೇಲೆ ದಣಿದ ಹೊತ್ತು. ಎರಡನೆಯವನಿಗೆ ಮಾತು ಬಲ್ಲ ಜಾಗ. ಮೂರನೆಯವಳಿಗೆ ಮಕ್ಕಳನ್ನು ಮಲಗಿಸುವ ವೇಳೆ. ಮೂವರಿಗೂ ಆಹ್ವಾನ ಹೋಗಿದೆಯೆಂದು ದಫ್ತರದಲ್ಲಿ ಬರೆದಿರುತ್ತದೆ. ಇನ್ನೊಂದು ಸ್ವಾರಸ್ಯವುಂಟು: ಪೇಟೆಬೀದಿಗೆ ಲಕ್ಷ ಪೌಂಡು ಕೊಟ್ಟ ಅದೇ ಸರ್ಕಾರದ ಮಂತ್ರಿ ೨೦೧೩ರಲ್ಲಿ, ಊರಿನ ಹಲವರ ವಿರೋಧವಿದ್ದರೂ, ಕಡಲ ದಂಡೆಯಲ್ಲಿ ಒಂದು ಬೃಹತ್ ದಿನಸಿ ಮಳಿಗೆಗೆ ಅನುಮತಿ ಕೊಟ್ಟನು. ಮಳಿಗೆಯೇನೋ ಏಳಲಿಲ್ಲ. ಆದರೆ ಸಮಾಲೋಚನೆಯೆಂಬ ಮಾತಿನಲ್ಲಿ ಜನಕ್ಕೆ ನಂಬಿಕೆ ಕಡಮೆಯಾಗುವುದು ಏಕೆಂದು ಬೇರೆ ಹೇಳಬೇಕಾಗಿಲ್ಲ.

ಇದೇ ಊರಿನಲ್ಲಿ, ಯಾರೂ ಕೇಳದೆಯೇ ಊರು ಮಾತನಾಡಿದ ಪ್ರಸಂಗವೂ ಒಂದುಂಟು. ಡ್ರೀಮ್‌ಲ್ಯಾಂಡನ್ನು ಮುಚ್ಚಿ ಆ ನೆಲದಲ್ಲಿ ಬೇರೆ ಕಟ್ಟಡಗಳನ್ನೆಬ್ಬಿಸುವ ಆಲೋಚನೆ ೨೦೦೩ರಲ್ಲಿ ಹೊರಬಿದ್ದಾಗ ಅದನ್ನು ಉಳಿಸಬೇಕೆಂದು ಒಂದು ಚಳವಳಿ ಹುಟ್ಟಿತು. ಅವರ ಕೈಯಲ್ಲಿ ಹಣವಿರಲಿಲ್ಲ. ಒಂದು ಕಾನೂನಿನ ಎಳೆ ಇದ್ದಿತು. ಆ ಮರದ ರೈಲಿಗೆ ೨೦೦೨ರಲ್ಲಿಯೇ ರಕ್ಷಿತ ಸ್ಮಾರಕದ ಸ್ಥಾನ ದೊರೆತಿತ್ತು. ಕೋಟೆ ಕೊತ್ತಲಗಳಿಗೂ ದೇವಾಲಯಗಳಿಗೂ ಸಲ್ಲುವ ಮರ್ಯಾದೆ ಆಟದ ರೈಲೊಂದಕ್ಕೆ ಅಲ್ಲಿ ಸಂದುದು ಅದೇ ಮೊದಲು. ಸ್ಮಾರಕವನ್ನು ಕೆಡವುವಂತಿಲ್ಲ. ೨೦೦೮ರ ಏಪ್ರಿಲಿನಲ್ಲಿ ಬೆಂಕಿ ಬಿದ್ದು ಹಳಿಯ ಒಂದು ಭಾಗ ಸುಟ್ಟುಹೋಯಿತು. ಆದರೂ ಚಳವಳಿಯವರು ಬಿಡಲಿಲ್ಲ. ಅವರು ಸಭೆಗೆ ಹೋಗಿ ಅಭಿಪ್ರಾಯ ಹೇಳಿ ಬಂದವರಲ್ಲ. ನಕ್ಷೆ ಬರೆಸಿದರು, ಲೆಕ್ಕ ಹಾಕಿದರು, ಬೇರೆ ಊರುಗಳ ವಿನೋದವನಗಳಲ್ಲಿ ಬಿಚ್ಚಿ ಎಸೆಯುತ್ತಿದ್ದ ಹಳೆಯ ಆಟದ ಯಂತ್ರಗಳನ್ನು ಕೂಡಿಹಾಕಿದರು. ಕೊನೆಗೆ ಥ್ಯಾನೆಟ್ ಪೌರಸಭೆಯೇ ಕಡ್ಡಾಯದ ಕ್ರಯದಿಂದ ೨೦೧೩ರಲ್ಲಿ ನೆಲವನ್ನು ವಶಪಡಿಸಿಕೊಂಡಿತು. ೨೦೧೫ರ ಜೂನಿನಲ್ಲಿ ವನ ತೆರೆಯಿತು. ಅಕ್ಟೋಬರಿನಲ್ಲಿ ರೈಲು ಓಡಿತು. ಮರುವರ್ಷವೇ ಅದನ್ನು ನಡೆಸುತ್ತಿದ್ದ ಕಂಪೆನಿ ದಿವಾಳಿಯ ಅಂಚಿಗೆ ಬಂದು ಆಡಳಿತಗಾರರ ಕೈಗೆ ಹೋಯಿತೆಂಬುದನ್ನೂ ಹೇಳಿಬಿಡಬೇಕು. ಉಳಿಸುವುದು ಒಂದು ವಿದ್ಯೆ, ನಡೆಸುವುದು ಮತ್ತೊಂದು. ಆದರೆ ನೆಲ ಉಳಿಯಿತು.

ಹಾಗಾದರೆ ಬಿಡಿಬಿಡಿಯಾಗಿ ಕುಳಿತ ಅಂಗಡಿಕಾರರು ಕೂಡಿ ಕೆಲಸ ಮಾಡಲು ಕ್ರಮವಾದ ಏರ್ಪಾಡೇನೂ ಇಲ್ಲವೆ ಎಂದು ಕೇಳಬಹುದು. ಉಂಟು, ಅದು ಹುಟ್ಟಿದುದು ಕೆನಡಾ ದೇಶದಲ್ಲಿ. ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಬೀದಿಯ ವ್ಯಾಪಾರಿಗಳು, ನೆಲದಡಿಯ ರೈಲೂ ಹೊಸ ಮಳಿಗೆಗಳೂ ತಮ್ಮ ಗಿರಾಕಿಗಳನ್ನು ಸೆಳೆದುಕೊಳ್ಳಲು, ೧೯೭೦ರಲ್ಲಿ ತಮ್ಮ ಮೇಲೆ ತಾವೇ ಒಂದು ಸಣ್ಣ ತೆರಿಗೆ ಹಾಕಿಕೊಂಡು ಬೀದಿಗೆ ದೀಪ, ಗಿಡ, ಹಬ್ಬಗಳ ವ್ಯವಸ್ಥೆ ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ೨೦೦೩ರ ಕಾನೂನು ಇದಕ್ಕೆ ದಾರಿ ಮಾಡಿತು. ಒಂದು ವಲಯದ ವ್ಯಾಪಾರಿಗಳು ಯೋಜನೆಯನ್ನು ಬರೆದು ಮತಕ್ಕೆ ಹಾಕುವರು. ಅದು ಎರಡು ವಿಧದಲ್ಲಿ ಗೆಲ್ಲಬೇಕು: ಮತ ಕೊಟ್ಟವರ ತಲೆಯೆಣಿಕೆಯಲ್ಲಿಯೂ ಬಹುಮತ ಬರಬೇಕು, ಅವರ ಸ್ಥಳಗಳ ತೆರಿಗೆಯ ಬೆಲೆಯನ್ನು ಕೂಡಿದಾಗಲೂ ಬಹುಮತ ಬರಬೇಕು. ಸಣ್ಣವರು ಗುಂಪಾಗಿ ದೊಡ್ಡವರ ಮೇಲೆ ಹೊರೆ ಹೊರಿಸುವಂತಿಲ್ಲ. ಒಂದೆರಡು ದೊಡ್ಡ ಮಳಿಗೆಗಳು ಸಣ್ಣವರನ್ನು ಎಳೆದುಕೊಂಡು ಹೋಗುವಂತೆಯೂ ಇಲ್ಲ. ಗೆದ್ದರೆ ಬೇಡವೆಂದವನೂ ಹಣ ಕೊಡಬೇಕು. ಅವಧಿ ಹೆಚ್ಚೆಂದರೆ ಐದು ವರ್ಷ. ಮುಗಿದ ಮೇಲೆ ಮತ್ತೆ ಮತ ಕೇಳಬೇಕು. ಬಹಳ ಅಚ್ಚುಕಟ್ಟಾದ ಏರ್ಪಾಡೆಂದು ಒಪ್ಪಲೇಬೇಕು. ಕೊರತೆಯೊಂದೇ: ಇದರಲ್ಲಿ ಮತವಿರುವುದು ಹೆಚ್ಚಾಗಿ ಬಾಡಿಗೆಗಾರ ವ್ಯಾಪಾರಿಗೆ. ಬೀದಿ ಚೆನ್ನಾದರೆ ಬಾಡಿಗೆ ಏರುವುದು; ಏರಿದ ಬಾಡಿಗೆ ಹೋಗುವುದು ಹಣ ಕೊಡದ ಒಡೆಯನಿಗೆ.

ಈಗ ಮತ್ತೆ ಕ್ಲಿಫ್ಟನ್‌ವಿಲ್ಲಿಗೆ ಬರೋಣ. ಚಿತ್ರಶಾಲೆಗೆ ಹೆಸರು ಬಂದಿತು. ೨೦೧೯ರ ಟರ್ನರ್ ಪ್ರಶಸ್ತಿಯ ಪ್ರದರ್ಶನ ಅಲ್ಲಿಯೇ ನಡೆಯಿತು. ಲಂಡನ್ನಿನಲ್ಲಿ ಮನೆ ಕೊಳ್ಳಲಾರದವರು, ರಜೆಯ ಮನೆಯೊಂದು ಬೇಕೆಂಬವರು ಮಾರ್ಗೇಟಿನತ್ತ ನೋಡಿದರು. ಬೆಲೆ ಏರಿತು, ಬಾಡಿಗೆಯೂ ಏರಿತು. ಊರು ಕೆಟ್ಟಿದ್ದಾಗ ಕೆಟ್ಟ ಕೋಣೆಗಳಲ್ಲಿದ್ದವರು ಊರು ಚೇತರಿಸಿಕೊಂಡಾಗ ಆ ಕೋಣೆಗಳಲ್ಲಿಯೂ ನಿಲ್ಲುವುದು ಕಷ್ಟವಾಯಿತು. ಇವರ ಸ್ಥಿತಿ ಎಂಥದೆಂಬುದಕ್ಕೆ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿಯವರ ೨೦೨೧ರ ವರದಿ ಸಾಕ್ಷಿ. ಕಡಲ ದಂಡೆಯ ಊರುಗಳಲ್ಲಿ ಆಯುಸ್ಸು ಕಡಮೆ, ರೋಗ ಹೆಚ್ಚು ಎಂದೂ, ಹೋಟೆಲುಗಳನ್ನು ಒಡೆದು ಮಾಡಿದ ವಸತಿಗಳು ಇದಕ್ಕೆ ಒಂದು ಕಾರಣವೆಂದೂ ಅದು ಹೇಳಿತು. ಆರೋಗ್ಯಕ್ಕಾಗಿಯೇ ಹುಟ್ಟಿದ ಊರುಗಳ ಮಾತು ಇದು.

ಅದೇ ವರ್ಷ ಮಾರ್ಗೇಟಿಗೆ ಸರ್ಕಾರದ ‘ಪಟ್ಟಣಗಳ ನಿಧಿ’ಯಿಂದ ೨ ಕೋಟಿ ೨೨ ಲಕ್ಷ ಪೌಂಡುಗಳು ಮಂಜೂರಾದುವು, ಪೋರ್ಟಾಸಳ ಕಾಲದ ಹಣದ ಇನ್ನೂರು ಪಾಲಿಗಿಂತ ಹೆಚ್ಚು. ಈ ನಿಧಿಯ ನಿಯಮದಂತೆ ವ್ಯಾಪಾರಿಗಳೂ ಸ್ಥಳೀಯ ಸಂಘಗಳೂ ಪೌರಸಭೆಯೂ ಸೇರಿದ ಮಂಡಲಿಯೊಂದು ಯೋಜನೆ ಹೂಡಬೇಕು. ಹಿಂದಿನ ‘ಊರ ತಂಡ’ವೇ ಇನ್ನೊಂದು ಹೆಸರಿನಲ್ಲಿ ಬಂದಿತೆನ್ನಬಹುದು. ಆದರೆ ಈ ಸಲ ಹಣ ಕಟ್ಟಡವನ್ನು ಕೊಳ್ಳುವಷ್ಟು ದೊಡ್ಡದು, ವ್ಯತ್ಯಾಸವಿರುವುದು ಇಲ್ಲಿ. ಕುಂಡದಲ್ಲಿ ಹೂವಿಟ್ಟು, ದೀಪದ ತೋರಣ ಕಟ್ಟಿ, ಬೀದಿಗೆ ಬಂದ ಜನವನ್ನು ಹೇಗೆ ಹಿಡಿದಿಡಬೇಕೆಂದು ಕೇಳುತ್ತಿರುವವರೆಗೆ ಉತ್ತರಗಳೂ ಹೂಕುಂಡದಷ್ಟೇ ಆಳವಾಗಿರುವುವು. ಕಟ್ಟಡ ಯಾರ ಕೈಯಲ್ಲಿರಬೇಕು, ಬಾಡಿಗೆ ಎಷ್ಟಿರಬೇಕು ಎಂಬುದು ಪ್ರಶ್ನೆಯಾದಾಗ ಕೋಣೆಯ ತಾಯಿಗೂ ಅಂಗಡಿಯ ಮುದುಕನಿಗೂ ಹೇಳುವ ಮಾತಿರುತ್ತದೆ, ಹೇಳಿದ ಮಾತಿಗೆ ಬೆಲೆಯೂ ಇರುತ್ತದೆ.

ಸಭೆಗೆ ಎಂದೂ ಬಾರದವನೊಬ್ಬನು ಉಳಿದಿದ್ದಾನೆ, ದೂರದ ಒಡೆಯ. ಅವನ ಹೆಸರಿಗೆ ಬರೆದ ಆಹ್ವಾನಪತ್ರ ಬೀಗ ಹಾಕಿದ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿ ಒಳಗೆ ಬಿದ್ದಿರುವುದು. ೨೦೨೩ರ ಕಾನೂನೊಂದು ಅವನ ವಿಚಾರದಲ್ಲಿ ಹೊಸ ಉಪಾಯವನ್ನು ಕಂಡುಹಿಡಿಯಿತು. ೨೦೨೪ರ ಡಿಸೆಂಬರಿನಿಂದ ಅದು ಜಾರಿಗೆ ಬಂದಿದೆ. ಪೇಟೆಬೀದಿಯ ಅಂಗಡಿಯೊಂದು ಎರಡು ವರ್ಷಗಳಲ್ಲಿ ೩೬೫ ದಿನಕ್ಕೆ ಮೇಲ್ಪಟ್ಟು ಖಾಲಿಯಾಗಿದ್ದರೆ, ಪೌರಸಭೆ ಒಡೆಯನಿಗೆ ಮೊದಲು ತಿಳಿವಳಿಕೆ ಕೊಟ್ಟು, ಆಗಲೂ ಅವನು ತೆರೆಯದಿದ್ದರೆ, ಒಂದರಿಂದ ಐದು ವರ್ಷದ ಗೇಣಿಯನ್ನು ತಾನೇ ಹರಾಜು ಹಾಕಬಹುದು. ಹರಾಜಿಗೆ ಕನಿಷ್ಠ ಬೆಲೆಯೆಂಬುದಿಲ್ಲ. ಒಡೆಯನು ಬಂದರೆ ಕೂಗಿದವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬಹುದು. ಬಾರದಿದ್ದರೆ ಹೆಚ್ಚು ಕೂಗಿದವನಿಗೆ ಬೀಗದ ಕೈ.